ಬುನಾದಿಗೆ ಜಡ್ಡು ಬಂದಾಗ

ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು, ಬೇಸಗೆಯಲ್ಲಿ ಗೋಡೆ ಬಿರಿಯುವುದು: ನವಲಗುಂದ, ರೋಣದ ಕಡೆಯ ಎರೆಭೂಮಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಇದು ಹೊಸ ಮಾತೇನೂ ಅಲ್ಲ. ನಮ್ಮ ಅಜ್ಜನ ಮನೆಯೂ ಅಂಥದೇ ನೆಲದ ಮೇಲಿತ್ತು. ಕಲ್ಲು ಮಣ್ಣಿನ ಹಳೆಯ ಮನೆ ಹೇಗೋ ಹೊಂದಿಕೊಂಡು ನಿಂತಿತ್ತು. ಆದರೆ ನನ್ನ ತಂದೆ ಹಿತ್ತಿಲಿನಲ್ಲಿ ಕಾಂಕ್ರೀಟಿನ ಪಾಯ ಹಾಕಿಸಿ ಒಂದು ಹೊಸ ಕೋಣೆ ಕಟ್ಟಿಸಿದರು. ಎರಡು ಬೇಸಗೆ ಕಳೆಯುವುದರೊಳಗೆ ಆ ಕೋಣೆ ಹಳೆಯ ಮನೆಯಿಂದ ಬೇರೆಯಾಗತೊಡಗಿತು. ಎರಡರ ನಡುವೆ ಮೊದಲು ಕೂದಲೆಳೆಯಷ್ಟು ಬಿರುಕು. ಆಮೇಲೆ ಅಜ್ಜಿಯ ಬಳೆ ತೂರುವಷ್ಟು. ತಂದೆಯವರು ಸಿಮೆಂಟು ತುಂಬಿಸಿದರು. ಮರುವರ್ಷ ಅದರ ಪಕ್ಕದಲ್ಲಿಯೇ ಇನ್ನೊಂದು ಸೀಳು ಕಾಣಿಸಿತು. ಕಡೆಗೆ ಊರಿನ ಹಳೆಯ ಗೌಂಡಿಯನ್ನು ಕರೆಸಿದ್ದಾಯಿತು. ಆತ ಗೋಡೆಯ ಕಡೆ ನೋಡಲೇ ಇಲ್ಲ. ಸುತ್ತ ಒಂದು ಸಲ ನಡೆದು, ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡಿ, “ಗ್ವಾಡಿಗೆ ಏನೂ ಆಗಿಲ್ರಿ ರಾಯರ, ಜಡ್ಡ ಇರೂದು ನೆಲಕ್ಕ” ಎಂದ.

ಆ ಗೌಂಡಿ ಹೇಳಿದ ಮಾತನ್ನು ದೊಡ್ಡ ದೊಡ್ಡ ಇಂಜಿನಿಯರುಗಳು ಕಲಿಯುವುದಕ್ಕೆ ಬಹಳ ಕಾಲ ಹಿಡಿಯಿತು. ಎಷ್ಟೋ ಹಣವೂ ಮಣ್ಣುಪಾಲಾಯಿತು. ಮನೆ ಕಟ್ಟುವವರ ಚರಿತ್ರೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಕಟ್ಟಿದ ಮನೆಯ ಕಾಲ ಕೆಳಗಿನ ನೆಲ ಜಾರಿದಾಗ ಅದನ್ನು ಬೀಳಗೊಡದೆ ನಿಲ್ಲಿಸಿದವರ ಚರಿತ್ರೆಯನ್ನು ಕೇಳಿದವರು ಕಡಮೆ. ವಾಚಕರೇ, ಅದರಲ್ಲಿ ನಾಲ್ಕಾರು ಪ್ರಸಂಗಗಳನ್ನು ತಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಈ ಕೆಲಸದ ತೊಡಕು ಎಲ್ಲಿದೆ ಎಂಬುದನ್ನು ಮೊದಲು ಹೇಳಿಬಿಡುವುದು ಮೇಲು. ಸೂರು ಕೆಟ್ಟರೆ ಹಂಚು ಇಳಿಸಬಹುದು. ಗೋಡೆ ಕೆಟ್ಟರೆ ತೊಲೆಗೆ ಆನಿಕೆ ಕೊಟ್ಟು ಗೋಡೆಯನ್ನು ಬಿಚ್ಚಬಹುದು. ಬುನಾದಿ ಕೆಟ್ಟರೆ? ಮನೆಯ ಭಾರವೆಲ್ಲ ಅದರ ಮೇಲೆಯೇ ಕುಳಿತಿದೆ. ಅದನ್ನು ತೆಗೆಯಬೇಕು, ಮನೆಯೂ ನಿಂತಿರಬೇಕು. ಹೀಗಾಗಿ ಮನುಷ್ಯನಿಗೆ ತೋರಿದ ದಾರಿಗಳು ಎರಡೇ. ಒಂದು, ಗೋಡೆಯ ಬುಡದಲ್ಲಿ ಮೂರು ನಾಲ್ಕು ಅಡಿ ಅಗೆದು, ಅಲ್ಲಿ ಹೊಸ ಆಧಾರ ಕಟ್ಟಿ, ಅದು ಗಟ್ಟಿಯಾದ ಮೇಲೆ ಮಧ್ಯದ ತುಂಡನ್ನು ಬಿಟ್ಟು ಮುಂದಿನದನ್ನು ಅಗೆಯುವುದು. ಕೊನೆಗೆ ಬಿಟ್ಟ ತುಂಡುಗಳನ್ನೂ ಹಾಗೆಯೇ ಮುಗಿಸುವುದು. ಇನ್ನೊಂದು, ಮನೆಯನ್ನೇ ಎತ್ತಿ ಹಿಡಿದು ಕೆಳಗಿನ ಕೆಲಸ ಮಾಡುವುದು. ಎರಡನೆಯದು ಹನುಮಂತನ ಕೆಲಸದಂತೆ ಕೇಳಿಸುತ್ತದೆ. ಆದರೆ ಅಮೆರಿಕದ ಷಿಕಾಗೋ ನಗರದವರು ನೂರರವತ್ತು ವರ್ಷಗಳ ಹಿಂದೆಯೇ ಇದನ್ನು ಬೀದಿಗೆ ಬೀದಿಯಾಗಿ ಮಾಡಿ ಮುಗಿಸಿದ್ದರು.

ಷಿಕಾಗೋ ಸರೋವರದ ದಂಡೆಯ ತಗ್ಗು ಊರು. ನೀರು ಹರಿದು ಹೋಗುತ್ತಿರಲಿಲ್ಲ. ಬೀದಿಗಳಲ್ಲಿ ಕೆಸರು, ಮನೆಗಳಲ್ಲಿ ಕಾಲರಾ. ಒಳಚರಂಡಿ ಹಾಕಬೇಕೆಂದರೆ ಇಳಿಜಾರು ಸಿಗುವಂತೆ ಬೀದಿಯನ್ನೇ ಎತ್ತರಿಸಬೇಕಿತ್ತು. ಬೀದಿ ಎತ್ತರವಾದರೆ ಮನೆಯ ಹೊಸ್ತಿಲು ಗುಂಡಿಗೆ ಬೀಳುತ್ತದೆ. ಆದುದರಿಂದ ಮನೆಗಳೂ ಏಳಬೇಕಾಯಿತು. 1858ರಲ್ಲಿ ನಾಲ್ಕು ಅಂತಸ್ತಿನ ಒಂದು ಇಟ್ಟಿಗೆ ಕಟ್ಟಡವನ್ನು ಇನ್ನೂರು ತಿರುಪು ಜಾಕಿಗಳ ಮೇಲೆ ಆರು ಅಡಿಗೂ ಮಿಕ್ಕಿ ಎತ್ತಿದರು. 1860ರಲ್ಲಿ ಲೇಕ್ ಸ್ಟ್ರೀಟಿನ ಒಂದು ಇಡೀ ಸಾಲನ್ನು, ಎಂದರೆ 320 ಅಡಿ ಉದ್ದದ ಅಂಗಡಿ ಕಚೇರಿಗಳ ಸಾಲನ್ನು, ಸುಮಾರು 6,000 ಜಾಕಿಗಳನ್ನು ಹೂಡಿ 600 ಜನ ಐದು ದಿನಗಳಲ್ಲಿ ನಾಲ್ಕೂ ಮುಕ್ಕಾಲು ಅಡಿಯ ಹತ್ತಿರ ಮೇಲಕ್ಕೆತ್ತಿದರು. ಪ್ರತಿಯೊಬ್ಬನಿಗೂ ಹತ್ತು ಜಾಕಿ; ಸೀಟಿ ಊದಿದ ಕೂಡಲೇ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು. ಮರುವರ್ಷ ಟ್ರೆಮಾಂಟ್ ಹೌಸ್ ಎಂಬ ಆರಂತಸ್ತಿನ ಹೋಟೆಲನ್ನು ಅತಿಥಿಗಳು ಒಳಗಿದ್ದಂತೆಯೇ ಎತ್ತಿದವರಲ್ಲಿ ಒಬ್ಬ ಜಾರ್ಜ್ ಪುಲ್‌ಮನ್. ಮುಂದೆ ರೈಲಿನ ಮಲಗುವ ಡಬ್ಬಿಗಳಿಂದ ಲೋಕಪ್ರಸಿದ್ಧನಾದವನು ಈತನೇ. ಮನೆಯನ್ನು ಎತ್ತಿ ಹಿಡಿದು ಅದರಡಿ ಹೊಸ ಗೋಡೆ ಕಟ್ಟುವ ವಿದ್ಯೆ ಅಂದಿನಿಂದ ಆ ನಾಡಿನಲ್ಲಿ ಒಂದು ಕಸುಬಾಗಿಯೇ ಉಳಿಯಿತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನ ವಿಂಚೆಸ್ಟರ್ ಊರಿನಲ್ಲಿ ಮಾತ್ರ ಈ ವಿದ್ಯೆ ನಡೆಯುವಂತಿರಲಿಲ್ಲ. ಅಲ್ಲಿಯ ಮಹಾದೇವಾಲಯವನ್ನು ಕಟ್ಟಲು ಆರಂಭಿಸಿದ್ದು 1079ರಲ್ಲಿ. ಅಷ್ಟು ಭಾರದ ಕಲ್ಲಿನ ರಾಶಿಯನ್ನು ಯಾವ ಜಾಕಿ ಎತ್ತೀತು? ಅದರ ಪೂರ್ವದ ಭಾಗ ಆಮೇಲಿನದು, ಹದಿಮೂರನೆಯ ಶತಮಾನದ ಆದಿಯದು. ಆ ನೆಲ ನದಿಯ ಬಯಲು. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಜೇಡಿ, ಜೇಡಿಯ ಕೆಳಗೆ ಪೀಟ್ ಎಂಬ ಕರಿಯ ಪದರ. ಸಾವಿರಾರು ವರ್ಷ ನೀರಿನಲ್ಲಿ ಕೊಳೆತ ಗಿಡಗಂಟಿಗಳ ಮೆತ್ತೆಯೇ ಈ ಪೀಟ್. ಒತ್ತಿದರೆ ಹಿಂಡಿದ ಹಿಂಡಿಯಂತೆ ಕುಗ್ಗುತ್ತದೆ. ಅದಕ್ಕೂ ಕೆಳಗೆ ನೊರಜುಗಲ್ಲಿನ ಗಟ್ಟಿ ಹಾಸು. ಅಂದಿನ ಶಿಲ್ಪಿಗಳಿಗೆ ಆ ಗಟ್ಟಿ ಹಾಸನ್ನು ಮುಟ್ಟುವುದು ಸಾಧ್ಯವಾಗಲಿಲ್ಲ, ಏಕೆಂದರೆ ಅಗೆದಲ್ಲೆಲ್ಲ ನೀರು. ಅವರು ಬೀಚ್ ಮರದ ದಿಮ್ಮಿಗಳನ್ನು ತೆಪ್ಪದಂತೆ ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದರು. ಅದನ್ನು ಕಂಡು ನಗುವ ಹಾಗಿಲ್ಲ. ಏಳುನೂರು ವರ್ಷ ಗೋಡೆ ನಿಂತಿತಲ್ಲ!

ಇಪ್ಪತ್ತನೆಯ ಶತಮಾನ ಹುಟ್ಟುವ ವೇಳೆಗೆ ಗೋಡೆಗಳು ಕಣ್ಣಿಗೆ ಕಾಣುವಷ್ಟು ವಾಲಿದ್ದವು. ಬಿರುಕುಗಳಿಂದ ಕಲ್ಲಿನ ಚೂರುಗಳು ಉದುರುತ್ತಿದ್ದವು. ವಾಸ್ತುಶಿಲ್ಪಿ ಥಾಮಸ್ ಜ್ಯಾಕ್ಸನ್ ಎಂಬಾತ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸನನ್ನು ಸಲಹೆಗೆ ಕರೆಸಿದ. ಗೋಡೆಯ ಬುಡದಲ್ಲಿ ಗುಂಡಿ ತೋಡಿದರು. ಪೀಟಿನ ಪದರ ಒಡೆದ ಕ್ಷಣದಲ್ಲಿಯೇ ಕೆಳಗಿನಿಂದ ನೀರು ನುಗ್ಗಿತು. ಪಂಪು ಹಾಕಿ ನೀರು ಹೊರಗೆ ಸೆಳೆದರೆ ನೀರಿನೊಡನೆ ನಯವಾದ ಮಣ್ಣೂ ಹೊರಟುಹೋಗಿ, ಇದ್ದ ಗೋಡೆಯೂ ಕುಸಿಯುವ ಭಯ. ನೀರು ತೆಗೆಯಬಾರದು, ಆದರೆ ನೀರಿನ ತಳದಲ್ಲಿ ಕೆಲಸವಾಗಬೇಕು.

ಆಗ ಫಾಕ್ಸನಿಗೆ ಹೊಳೆದದ್ದು ಸಮುದ್ರದ ಮುಳುಗುಗಾರ. ಹಡಗು ಬಂದರುಗಳ ಕೆಲಸದಲ್ಲಿ ಪಳಗಿದ ವಿಲಿಯಂ ವಾಕರ್ ಎಂಬವನು 1906ರಲ್ಲಿ ಬಂದು ದೇವಾಲಯದ ಗೋಡೆಯ ಬುಡದಲ್ಲಿ ಮುಳುಗಿದ. ಉಡುಪು, ತಾಮ್ರದ ಶಿರಸ್ತ್ರಾಣ, ಸೀಸದ ಬೂಟು ಎಲ್ಲ ಸೇರಿ ಎರಡು ಮಣಕ್ಕೂ ಮಿಕ್ಕ ಭಾರ. ನೀರು ಪೀಟಿನಿಂದ ಮಸಿಯಂತಾಗಿತ್ತು. ದೀಪ ಹಿಡಿದರೂ ಏನೂ ಕಾಣುವಂತಿರಲಿಲ್ಲ. ಸುಮಾರು ಇಪ್ಪತ್ತು ಅಡಿ ಆಳದಲ್ಲಿ ಕೈಯ ಸ್ಪರ್ಶದಿಂದಲೇ ಅವನ ಕೆಲಸ. ದಿನಕ್ಕೆ ಆರು ಗಂಟೆ ಕಾಲ ಪೀಟನ್ನು ಕಡಿದು ಮೇಲಕ್ಕೆ ಕಳಿಸುವುದು, ಬರಿಯಾದ ನೊರಜುಗಲ್ಲಿನ ಮೇಲೆ ಕಾಂಕ್ರೀಟಿನ ಚೀಲಗಳನ್ನು ಒತ್ತೊತ್ತಾಗಿ ಹಾಸುವುದು, ಚೀಲಗಳನ್ನು ಸೀಳಿ ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡುವುದು. ಹಾಗೆ ತಳ ಮುಚ್ಚಿಕೊಂಡ ಮೇಲೆ ನೀರು ಸೆಳೆದರೆ ಅಪಾಯವಿಲ್ಲ. ಆಗ ಗಾರೆಯವರು ಗುಂಡಿಗಿಳಿದು ಕಾಂಕ್ರೀಟಿನ ಅಚ್ಚುಗಲ್ಲು, ಇಟ್ಟಿಗೆಗಳಿಂದ ಗೋಡೆಯ ಅಡಿಯವರೆಗೂ ಕಟ್ಟಿಕೊಂಡು ಬರುತ್ತಿದ್ದರು. ಹೀಗೆ ಸುಮಾರು 235 ಗುಂಡಿಗಳು. ನಾನು ಮೇಲೆ ಹೇಳಿದ ತುಂಡು ತುಂಡಿನ ಕ್ರಮವೇ ಇದು. 1911ರಲ್ಲಿ ವಾಕರನ ಕೆಲಸ ಮುಗಿಯುವ ವೇಳೆಗೆ 25,000ಕ್ಕೂ ಹೆಚ್ಚು ಕಾಂಕ್ರೀಟಿನ ಚೀಲಗಳು, ಒಂದು ಲಕ್ಷಕ್ಕೂ ಮಿಕ್ಕ ಅಚ್ಚುಗಲ್ಲುಗಳು, ಸುಮಾರು ಒಂಬತ್ತು ಲಕ್ಷ ಇಟ್ಟಿಗೆಗಳು ನೆಲದ ಒಳಗೆ ಸೇರಿದ್ದವು. ಅದರಲ್ಲಿ ಒಂದೂ ಇಂದು ಹೊರಗಿನಿಂದ ಕಾಣುವುದಿಲ್ಲ.

1912ರ ಜುಲೈ 15ರಂದು ಕೃತಜ್ಞತಾ ಪ್ರಾರ್ಥನೆಗೆ ಐದನೆಯ ಜಾರ್ಜ್ ದೊರೆಯೇ ಬಂದಿದ್ದ. ವಾಕರನಿಗೆ ಬೆಳ್ಳಿಯ ಬಟ್ಟಲು ಸಂದಿತು. 1918ರ ಇನ್‌ಫ್ಲುಯೆನ್ಜಾ ಜ್ವರದಲ್ಲಿ ಅವನು ತೀರಿಕೊಂಡ. ಮುಂದೆ ಅವನ ನೆನಪಿಗಾಗಿ ಆ ದೇವಾಲಯದಲ್ಲಿ ಒಂದು ಪುಟ್ಟ ಪ್ರತಿಮೆ ಇಟ್ಟರು. ಇಟ್ಟ ಮೇಲೆ ನೋಡಿದರೆ ಮೈಯೇನೋ ಮುಳುಗುಗಾರನದು. ಮುಖ ಮಾತ್ರ ಇಂಜಿನಿಯರ್ ಫಾಕ್ಸನದು! ಯಾವುದೋ ಚಿತ್ರದಲ್ಲಿ ಅವರಿಬ್ಬರಲ್ಲಿ ಯಾರು ಯಾರೆಂದು ಗೊಂದಲವಾಗಿತ್ತು. 2001ರಲ್ಲಿ ಸರಿಯಾದ ಪ್ರತಿಮೆ ಬಂದಿತು. ಕೆಳಗಿಳಿದು ದುಡಿದವನ ಮುಖ ಮೇಲೆ ನಿಂತವನಿಗೆ ಹೋಗುವುದು ಆ ಊರೊಂದರ ಕಥೆಯೇನೂ ಅಲ್ಲ.

ವಿಂಚೆಸ್ಟರಿನಲ್ಲಿ ಕಾಂಕ್ರೀಟು ಕಾಪಾಡಿತು. ಅದನ್ನು ಕೇಳಿ, ಸಿಮೆಂಟು ಸುರಿದರೆ ಯಾವ ಬುನಾದಿಯೂ ನೆಟ್ಟಗಾಗುತ್ತದೆಂದು ತಾವು ತಿಳಿಯಬಾರದು. ನನ್ನ ತಂದೆ ಹಾಗೆ ತಿಳಿದಿದ್ದರು. ಇಟಲಿಯ ಪಿಸಾ ನಗರದಲ್ಲಿಯೂ ತಿಳಿದಿದ್ದರು. ಅಲ್ಲಿಯ ವಾಲುಗೋಪುರವನ್ನು ಆರಂಭಿಸಿದ್ದು 1173ರಲ್ಲಿ. ಮೂರು ಅಂತಸ್ತು ಏಳುವುದರೊಳಗೆ ಅದು ಒಂದು ಕಡೆಗೆ ಕುಳಿತಿತು. 1934ರಲ್ಲಿ ಅದರ ಬುನಾದಿಯಲ್ಲಿ 361 ರಂಧ್ರ ಕೊರೆದು ಸುಮಾರು 80 ಟನ್ ಸಿಮೆಂಟಿನ ಹಾಲನ್ನು ಒತ್ತಿ ತುಂಬಿಸಿದರು. ಗೋಪುರ ದಕ್ಷಿಣಕ್ಕೆ ಇನ್ನಷ್ಟು ವಾಲಿತು. ಕಲ್ಲುಕಟ್ಟಡ ಗಟ್ಟಿಯಾಯಿತು ನಿಜ. ಜಡ್ಡು ಇದ್ದದ್ದು ಅದರ ಕೆಳಗಿನ ಜೇಡಿಯಲ್ಲಿ. 1990ರಲ್ಲಿ ಗೋಪುರವನ್ನು ಜನರಿಗೆ ಮುಚ್ಚಿದರು. ಬಹಳ ವಾದವಿವಾದಗಳ ಅನಂತರ ಕೈಗೊಂಡ ಚಿಕಿತ್ಸೆ ಎಷ್ಟು ಸರಳವೆಂದರೆ, ತುಂಬುವುದನ್ನು ಬಿಟ್ಟು ತೆಗೆಯಲಾರಂಭಿಸಿದರು. ವಾಲಿದ ದಿಕ್ಕಿಗೆ ಎದುರಾದ ಉತ್ತರದ ಬದಿಯಲ್ಲಿ, ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ ಗೋಪುರದಡಿಯ ಮಣ್ಣನ್ನು ದಿನಕ್ಕಿಷ್ಟೆಂದು ಹಿಡಿ ಹಿಡಿಯಾಗಿ ಹೊರಗೆ ತಂದರು. ಎತ್ತರದ ಬದಿ ನಿಧಾನವಾಗಿ ಕುಳಿತು, ತುದಿ ಅರ್ಧ ಮೀಟರಿಗೆ ಸ್ವಲ್ಪ ಕಡಮೆಯಷ್ಟು ಹಿಂದಕ್ಕೆ ಬಂದಿತು. 2001ರ ಡಿಸೆಂಬರಿನಲ್ಲಿ ಗೋಪುರ ಮತ್ತೆ ತೆರೆಯಿತು.

ಕೆನಡದ ಟ್ರಾನ್ಸ್‌ಕೋನಾ ಎಂಬಲ್ಲಿಯ ಧಾನ್ಯದ ಕಣಜದ ಮಾತನ್ನೂ ಇಲ್ಲಿಯೇ ಹೇಳಬಹುದು. ಅದು ಕಾಂಕ್ರೀಟಿನ ಹಾಸಿನ ಮೇಲೆ ನಿಂತ ಕಾಂಕ್ರೀಟಿನ ಕಣಜ. 1913ರ ಅಕ್ಟೋಬರಿನಲ್ಲಿ ಮೊದಲ ಸಲ ಕಾಳು ತುಂಬುತ್ತಿದ್ದಾಗಲೇ ಒಂದು ದಿನದೊಳಗೆ ಮಲಗಿದ ಆನೆಯಂತೆ ಇಪ್ಪತ್ತೇಳು ಡಿಗ್ರಿ ವಾಲಿಕೊಂಡಿತು. ಕಣಜಕ್ಕೆ ಹೆಚ್ಚಿನ ಪೆಟ್ಟೇ ಆಗಿರಲಿಲ್ಲ! ಮೇಲಿನ ಜೇಡಿ ಗಟ್ಟಿ, ಆಳದ ಜೇಡಿ ಮೆತ್ತಗೆ. ಪರೀಕ್ಷೆ ನಡೆದದ್ದು ಮೇಲಿನದಕ್ಕೆ ಮಾತ್ರ. ಅಡಿಯ ಬಂಡೆಯವರೆಗೆ ಕಂಬಗಳನ್ನು ಇಳಿಸಿ, ಜಾಕಿ ಹೂಡಿ ಅದನ್ನು ನೆಟ್ಟಗೆ ಮಾಡಿದರು. ಇಂಥ ಪೆಟ್ಟುಗಳಿಂದಲೇ ಮಣ್ಣಿಗೂ ಒಂದು ಶಾಸ್ತ್ರ ಬೇಕೆಂಬ ಅರಿವು ಮೂಡಿತು. ಕಾರ್ಲ್ ಟೆರ್ಜಾಗಿ 1925ರಲ್ಲಿ ಬರೆದ ಗ್ರಂಥದಿಂದ ಆ ಶಾಸ್ತ್ರ ತನ್ನ ಕಾಲ ಮೇಲೆ ನಿಂತಿತೆಂದು ಬಲ್ಲವರು ಹೇಳುತ್ತಾರೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ನೆಲ ಕೈಕೊಟ್ಟ ಕಥೆ. ಇನ್ನು ಹೇಳುವುದು ನೆಲ ಗಟ್ಟಿಯಾಗಿಯೇ ಇದ್ದು, ಕಾಂಕ್ರೀಟೇ ಕೈಕೊಟ್ಟ ಕಥೆ. ಇದು ದೇವಾಲಯ ಗೋಪುರಗಳದಲ್ಲ. ಸಂಬಳದ ಮೇಲೆ ಬದುಕುವ ಜನರ ಮನೆಗಳದು. ನನಗೆ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ ಪ್ರಸಂಗವೂ ಇದೇ.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಮನೆಗಳು ಸಾಮಾನ್ಯವಾಗಿ ಮರದವು. ಆದರೆ ಅವು ನಿಂತಿರುವುದು ಆಳುದ್ದಕ್ಕೂ ಮಿಕ್ಕ ಕಾಂಕ್ರೀಟಿನ ನೆಲಮಾಳಿಗೆಯ ಗೋಡೆಗಳ ಮೇಲೆ. ಆ ಗೋಡೆಯೇ ಬುನಾದಿ. 1983ರಿಂದ ಸುಮಾರು ಮೂವತ್ತು ವರ್ಷಗಳ ಕಾಲ ಆ ಪ್ರದೇಶದ ಎಷ್ಟೋ ಮನೆಗಳ ಕಾಂಕ್ರೀಟಿಗೆ ಒಂದೇ ಗಣಿಯ ಜಲ್ಲಿ ಹೋಯಿತು. ಆ ಬಂಡೆಯಲ್ಲಿ ಪಿರೊಟೈಟ್ ಎಂಬ ಖನಿಜವಿತ್ತು: ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಕಾಂಕ್ರೀಟಿನೊಳಗೆ ಸೇರಿದ ಪಿರೊಟೈಟು ಸುಮ್ಮನಿರುವುದಿಲ್ಲ. ಗಾಳಿ ಮತ್ತು ತೇವ ತಗುಲಿದಂತೆ ಅದು ತುಕ್ಕು ಹಿಡಿಯುತ್ತದೆ, ಗಂಧಕಾಮ್ಲ ಹುಟ್ಟುತ್ತದೆ, ಅದು ಸಿಮೆಂಟಿನೊಡನೆ ಕೂಡಿ ಹೊಸ ಹರಳುಗಳಾಗುತ್ತದೆ. ಆ ಹರಳುಗಳಿಗೆ ಹೆಚ್ಚು ಜಾಗ ಬೇಕು. ಜಾಗವಿಲ್ಲದ ಕಡೆ ಅವು ಉಬ್ಬಿದರೆ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮೊದಲು ಗೋಡೆಯ ಮೇಲೆ ಭೂಪಟದ ಗೆರೆಗಳಂತೆ ಸಣ್ಣ ಬಿರುಕು ಹರಡುತ್ತವೆ; ಆಮೇಲೆ ಗೋಡೆ ಹೊಟ್ಟೆ ಬಿಡುತ್ತದೆ; ಕಡೆಗೆ ಬೆರಳಿನಿಂದ ಕೆರೆದರೆ ಪುಡಿ ಉದುರುತ್ತದೆ. ಇದಕ್ಕೆಲ್ಲ ಹತ್ತು ಹದಿನೈದು ವರ್ಷ ಹಿಡಿಯಬಹುದು, ಇಪ್ಪತ್ತು ಮೂವತ್ತೂ ಆಗಬಹುದು. ಅಷ್ಟರಲ್ಲಿ ಕಟ್ಟಿದವನ ಹೊಣೆಯ ಅವಧಿ ಮುಗಿದಿರುತ್ತದೆ. ಮನೆಯವರ ಸಾಲ ಮಾತ್ರ ಅನೇಕ ವೇಳೆ ಮುಗಿದಿರುವುದಿಲ್ಲ.

ಒಮ್ಮೆ ಹಿಡಿದ ಈ ಜಡ್ಡಿಗೆ ಮದ್ದಿಲ್ಲ. ಬಿರುಕು ತುಂಬಿದರೆ ಪಕ್ಕದಲ್ಲಿ ಬಿಡುತ್ತದೆ. ಬಣ್ಣ ಬಳಿದರೆ ಬಣ್ಣವೇ ಸೀಳುತ್ತದೆ. ಉಳಿದ ದಾರಿ ಒಂದೇ, ಷಿಕಾಗೋದವರ ದಾರಿ. ನೀರು, ವಿದ್ಯುತ್ತು, ಒಳಚರಂಡಿಯ ನಂಟನ್ನೆಲ್ಲ ಕಡಿದು, ಗೋಡೆಗೆ ಕಿಂಡಿ ಕೊರೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕಿಗಳಿಂದ ಇಡೀ ಮನೆಯನ್ನು ಎತ್ತಿ, ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಅಟ್ಟಣೆಗಳ ಮೇಲೆ ನಿಲ್ಲಿಸುವುದು. ಹಳೆಯ ಬುನಾದಿಯನ್ನೆಲ್ಲ ಒಡೆದು ಸಾಗಿಸಿ, ಒಳ್ಳೆಯ ಜಲ್ಲಿಯ ಹೊಸ ಕಾಂಕ್ರೀಟು ಎರೆದು, ಅದು ಬಲಿತ ಮೇಲೆ ಮನೆಯನ್ನು ಅದರ ಮೇಲೆ ಇಳಿಸುವುದು. ಅಲ್ಲಿಯವರೆಗೆ ಮನೆಯವರ ವಾಸ ಇನ್ನೆಲ್ಲೋ. ಖರ್ಚು ಒಂದು ಮನೆಗೆ ಒಂದೂವರೆ ಲಕ್ಷ ಡಾಲರು, ಎರಡು ಲಕ್ಷ ಡಾಲರು, ಕೆಲವು ಕಡೆ ಇನ್ನೂ ಹೆಚ್ಚು. ಅಪಾಯದ ಸಾಧ್ಯತೆಯುಳ್ಳ ಮನೆಗಳು 34,000ದವರೆಗೆ ಇರಬಹುದೆಂದು ಒಂದು ಅಂದಾಜು ಹೊರಟಿತು.

ಈಗ ಆ ಮನೆಯ ಯಜಮಾನನ ಜಾಗದಲ್ಲಿ ತಾವು ಕುಳಿತು ನೋಡಿ. ಬುನಾದಿಯ ತುಣುಕೊಂದನ್ನು ಪರೀಕ್ಷೆಗೆ ಕಳಿಸಿದರೆ ನಿಜ ತಿಳಿಯುತ್ತದೆ. ನಿಜ ತಿಳಿದ ಮೇಲೆ ಮನೆ ಕೊಳ್ಳಬಂದವನಿಗೆ ಅದನ್ನು ಮರೆಮಾಚುವಂತಿಲ್ಲ. ಮಾರುವ ಆಸೆ ಅಲ್ಲಿಗೆ ತೀರಿತು. ಪರೀಕ್ಷೆ ಮಾಡಿಸದಿದ್ದರೆ ರಾತ್ರಿ ನಿದ್ದೆಯಿಲ್ಲ. ಮುಪ್ಪಿನ ಕಾಲಕ್ಕೆ ಮನೆಯೇ ಆಧಾರವೆಂದು ನಂಬಿದ್ದವರು ತಮಗೆ ಆಸ್ತಿಯೇ ಇಲ್ಲವೆಂಬುದನ್ನು ಒಂದು ಬೆಳಗ್ಗೆ ನೆಲಮಾಳಿಗೆಯ ಮೆಟ್ಟಿಲಿನ ಮೇಲೆ ನಿಂತು ಕಂಡುಕೊಂಡರು. ವಿಮೆಯವರಲ್ಲಿಗೆ ಹೋದರೆ, ನಮ್ಮ ಕರಾರು ಮನೆ ಕುಸಿದರೆ ಮಾತ್ರ, ಎಂಬ ಉತ್ತರ. ಕುಸಿಯುವುದೆಂದರೆ ಏನು ಎಂಬ ಪ್ರಶ್ನೆ ಆ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. 1987ರ ಒಂದು ತೀರ್ಪು ಮನೆಯವರಿಗೆ ಸ್ವಲ್ಪ ಆಸೆ ಹುಟ್ಟಿಸಿತ್ತು: ಕಟ್ಟಡದ ಬಲ ಗಣನೀಯವಾಗಿ ಕುಂದಿದರೂ ಅದು ಕುಸಿತವೇ ಎಂದು. 2019ರ ನವೆಂಬರಿನಲ್ಲಿ ನ್ಯಾಯಾಲಯ ಅದನ್ನು ಬಿಗಿಗೊಳಿಸಿ, ಮನೆ ಇಂದೋ ನಾಳೆಯೋ ಬೀಳುವ ಅಪಾಯದಲ್ಲಿರಬೇಕು ಎಂದಿತು. ಅಂಥ ಮನೆಯಲ್ಲಿ ಯಾರು ತಾನೇ ವಾಸ ಮಾಡಿಯಾರು? ಕಾನೂನಿನ ತರ್ಕ ಏನೇ ಇರಲಿ, ಮನೆಯವರ ಪಾಲಿಗೆ ಇದು ಕಠಿಣವಾದ ತೀರ್ಪೆಂದೇ ನನಗೆ ತೋರುತ್ತದೆ.

ಕಡೆಗೆ ಸಂಸ್ಥಾನವೇ ಒಂದು ನಿಧಿ ಏರ್ಪಡಿಸಿತು. 2019ರ ಆದಿಯಿಂದ ಅದು ಅರ್ಜಿಗಳನ್ನು ತೆಗೆದುಕೊಳ್ಳತೊಡಗಿತು. ಸರ್ಕಾರ ಸಾಲಪತ್ರಗಳ ಮೂಲಕ ಹಣ ಎತ್ತಿತು. ಅದರ ಜೊತೆಗೆ ಮನೆಯ ವಿಮೆಯುಳ್ಳ ಪ್ರತಿಯೊಬ್ಬರಿಂದಲೂ ವರ್ಷಕ್ಕೆ 12 ಡಾಲರು ವಸೂಲಾಯಿತು. ತನ್ನ ಬುನಾದಿ ಗಟ್ಟಿಯಾಗಿದ್ದವನೂ ಪಕ್ಕದೂರಿನವನ ಬುನಾದಿಗೆ ಹಣ ಕೊಟ್ಟನೆಂದಾಯಿತು. ಮೊದಲಿಗೆ ಒಂದು ಮನೆಗೆ 1,75,000 ಡಾಲರಿನ ಮಿತಿಯಿತ್ತು. ಮೆಟ್ಟಿಲು, ಜಗಲಿ, ಅಂಗಳದ ಖರ್ಚನ್ನು ಮನೆಯವರೇ ಹೊರಬೇಕು. ಆದರೂ ನೂರಾರು ಮನೆಗಳು ಹೀಗೆ ಎದ್ದು, ಹೊಸ ಕಾಲ ಮೇಲೆ ಮತ್ತೆ ಕುಳಿತಿವೆ.

ನಮ್ಮ ನಾಡಿನ ಕಡೆ ತಿರುಗೋಣ. ಸುರ್ಕಿ ಗಾರೆಯಿಂದ ಕನ್ನಂಬಾಡಿಯಂಥ ಕಟ್ಟೆಯನ್ನೇ ಕಟ್ಟಿದ ನಾಡು ನಮ್ಮದು. ಸಿಮೆಂಟಿಲ್ಲದೆ ಗಟ್ಟಿ ಬುನಾದಿಯಿಲ್ಲವೆಂಬ ಮಾತನ್ನು ನಾವಂತೂ ಒಪ್ಪಬೇಕಾಗಿಲ್ಲ. ನಮ್ಮಲ್ಲಿಯ ದೊಡ್ಡ ತೊಡಕು ಎರೆಮಣ್ಣು. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಅದು ವರುಷಕ್ಕೊಮ್ಮೆ ಉಸಿರೆಳೆದು ಬಿಡುತ್ತದೆ. ಉಸಿರಾಟದ ಏರಿಳಿತ ಮೇಲಿನ ಹತ್ತು ಹನ್ನೆರಡು ಅಡಿಯಷ್ಟೇ. ಅದರ ಕೆಳಗೆ ಮಣ್ಣು ಬಹುಮಟ್ಟಿಗೆ ಅಲುಗುವುದಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲಿ ಇದನ್ನೇ ಹಿಡಿದು ಒಂದು ಉಪಾಯ ಬೆಳೆಸಿದರು. ಕೈಯ ಬೈರಿಗೆಯಿಂದ ಅಷ್ಟಾಳ ಕಿರಿದಾದ ರಂಧ್ರ ಕೊರೆದು, ತುದಿಯಲ್ಲಿ ಅದನ್ನು ಈರುಳ್ಳಿಯ ಗೆಡ್ಡೆಯಂತೆ ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುವುದು. ಗೆಡ್ಡೆ ಆಳದಲ್ಲಿ ಕಚ್ಚಿಕೊಳ್ಳುತ್ತದೆ. ಕಂಬಗಳ ನೆತ್ತಿಯ ಮೇಲೆ ಹಾಯುವ ತೊಲೆಗೂ ನೆಲಕ್ಕೂ ನಡುವೆ ಸಂದು ಬಿಟ್ಟರೆ ಮಣ್ಣು ತನ್ನ ಪಾಡಿಗೆ ಉಬ್ಬಿಕೊಳ್ಳಬಹುದು. ಹೊಸ ಮನೆಗೆ ಇದು ಬಹಳ ಚೆನ್ನ. ಹಳೆಯ ಮನೆಯ ಪಕ್ಕದಲ್ಲಿ ಇಳಿಸಿ ಆಧಾರ ಕೊಡುವುದೂ ಉಂಟು, ಖರ್ಚು ಹೆಚ್ಚು.

ನಮ್ಮ ಗೌಂಡಿ ಅಷ್ಟು ದೂರ ಹೋಗಲಿಲ್ಲ. ಹೊಸ ಕೋಣೆಗೆ ಅಂಟಿಕೊಂಡಿದ್ದ ಬಚ್ಚಲಿನ ನೀರು ಗೋಡೆಯ ಬುಡದಲ್ಲಿಯೇ ಇಂಗುತ್ತಿತ್ತು. ಒಂದು ಮಗ್ಗುಲು ಸದಾ ಹಸಿ, ಇನ್ನೊಂದು ಮಗ್ಗುಲು ಒಣಗು. ಆತ ಬಚ್ಚಲನ್ನು ಹಿತ್ತಿಲಿನ ಆಚೆಯ ತುದಿಗೆ ಸಾಗಿಸಿದ. ಅಜ್ಜಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಚಳಿಯಲ್ಲಿ ಅಷ್ಟು ದೂರ ನಡೆಯಬೇಕಲ್ಲ! ಗೋಡೆಯ ಸುತ್ತ ಎರಡು ಮೊಳ ಅಗಲ ಎರೆ ತೆಗೆದು ಗರಸು ತುಂಬಿಸಿ, ಮಳೆಯ ನೀರು ಹೊರಕ್ಕೆ ಓಡುವಂತೆ ಇಳಿಜಾರಾಗಿ ಕಲ್ಲು ಹಾಸಿದ. ಬಿರುಕನ್ನು ಮಾತ್ರ ಮುಚ್ಚಲಿಲ್ಲ. ಅದರ ಅಡ್ಡಕ್ಕೆ ಒಂದು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಂದ ಕೂಡಿಸಿ, ಮೊಳೆಯಿಂದ ಗೋಡೆಯ ಮೇಲೆ ತಾರೀಖು ಗೀಚಿ, “ಇದು ಒಡೀತಂದ್ರ ಹೇಳಿ ಕಳಸ್ರಿ, ಇಲ್ಲಾಂದ್ರ ಎರಡು ಮಳಿ ಆದ ಮ್ಯಾಲ ಬಂದು ಮುಚ್ಚತೇನಿ” ಎಂದು ಹೇಳಿ ಹೋದ.

ಮೊದಲ ಬೇಸಗೆಯಲ್ಲಿ ಗಾಜು ಒಡೆಯಿತು. ಆತ ಬಂದು ಇನ್ನೊಂದು ಕೂಡಿಸಿದ. ಎರಡನೆಯದು ಮೂರು ಮಳೆಗಾಲ ಕಳೆದರೂ ಹಾಗೆಯೇ ಇತ್ತು. ಆತನೂ ಬಂದು ಬಿರುಕನ್ನು ಮುಚ್ಚಿದ. ಗಾಜನ್ನು ತೆಗೆಯಲು ಹೋದಾಗ ಅಜ್ಜಿಯೇ ಬೇಡವೆಂದಳು. ದಿನವೂ ಬೆಳಗ್ಗೆ ದೂರದ ಬಚ್ಚಲಿಗೆ ಹೋಗುವಾಗ ಒಮ್ಮೆ ಅದರ ಮೇಲೆ ಕೈಯಾಡಿಸಿ ಹೋಗುತ್ತಿದ್ದಳು.